ಒಂಬತ್ತನೆಯ ಸ್ಥಾನದ ಸಂಕಟ

ಸೋಲುವ ತಂಡದ ಅಭಿಮಾನಿಯ ದುಃಖವನ್ನು ಸೋಲುಗಳ ಲೆಕ್ಕದಿಂದ ಅಳೆಯುವುದು ರೂಢಿಯಾದರೂ ಆ ಅಳತೆಗೋಲು ಎಲ್ಲ ಸಂದರ್ಭಕ್ಕೂ ಒದಗುವುದಿಲ್ಲವೆಂಬುದಕ್ಕೆ ಸಿಡ್ನಿ ನಗರದ ವೆಸ್ಟ್ಸ್ ಟೈಗರ್ಸ್ ಎಂಬ ರಗ್ಬಿ ಲೀಗ್ ತಂಡದ ಇತ್ತೀಚಿನ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ. ಈ ತಂಡ 2022, 2023 ಮತ್ತು 2024ರಲ್ಲಿ, ಅಂದರೆ ಸಾಲಾಗಿ ಮೂರು ವರ್ಷ, ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗಿನ ಅಂಕಪಟ್ಟಿಯಲ್ಲಿ ಕಟ್ಟಕಡೆಗೆ ನಿಂತಿತು. ನ್ಯೂಟೌನ್ ಎಂಬ ಹಳೆಯ ಕ್ಲಬ್ಬು 1976ರಿಂದ 1978ರವರೆಗೆ ಇಂಥದೇ ಪರಾಕ್ರಮ ಮೆರೆದ ಮೇಲೆ ಬೇರಾವ ತಂಡಕ್ಕೂ ಅದು ಸಾಧ್ಯವಾಗಿರಲಿಲ್ಲ. ಹೀಗಿದ್ದರೂ ಈ ತಂಡದ ಹಳೆಯ ಅಭಿಮಾನಿಗಳ ಸಿಟ್ಟು ನಿಜವಾಗಿ ಉಕ್ಕುವುದು ಕೊನೆಯ ಸ್ಥಾನದ ಆ ಮೂರು ವರ್ಷಗಳ ಮಾತು ಬಂದಾಗಲ್ಲ, 2016, 2018 ಮತ್ತು 2019ರ ಮಾತು ಬಂದಾಗ. ಆ ಮೂರೂ ವರ್ಷ ತಂಡ ಒಂಬತ್ತನೆಯ ಸ್ಥಾನದಲ್ಲಿತ್ತು, ಮತ್ತು ಪ್ರಶಸ್ತಿಯ ಸುತ್ತಿಗೆ ಪ್ರವೇಶವಿರುವುದು ಮೊದಲ ಎಂಟು ತಂಡಗಳಿಗೆ ಮಾತ್ರ. ಆಗ ಇದ್ದ ಹದಿನಾರು ತಂಡಗಳ ಪೈಕಿ ಒಂಬತ್ತನೆಯದಾಗಿ ಬರುವುದು ಅಂಕಗಣಿತದ ದೃಷ್ಟಿಯಲ್ಲಿ ಸಾಧಾರಣ ಫಲಿತಾಂಶವೆನಿಸಿದರೂ ಅಭಿಮಾನಿಯ ದೃಷ್ಟಿಯಲ್ಲಿ ಅದಕ್ಕಿಂತ ಕ್ರೂರವಾದ ಸ್ಥಾನ ಇನ್ನೊಂದಿಲ್ಲ. ಹತಾಶೆ ಹುಟ್ಟಲು ಮೊದಲು ಒಂದಿಷ್ಟು ಆಶೆ ಬೇಕು, ಒಂಬತ್ತನೆಯ ಸ್ಥಾನ ಅದನ್ನು ಕೊನೆಯ ವಾರದವರೆಗೂ ಧಾರಾಳವಾಗಿ ಒದಗಿಸುತ್ತದೆ.

ರಗ್ಬಿ ಲೀಗ್ ಎಂಬುದು ಮೂಲ ರಗ್ಬಿಯಿಂದ ಮುನಿಸಿಕೊಂಡು ಬೇರೆಯಾದ ಆಟ. 1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್ಬುಗಳು, ಗಣಿಯಲ್ಲೂ ಗಿರಣಿಯಲ್ಲೂ ದುಡಿಯುವ ತಮ್ಮ ಆಟಗಾರರಿಗೆ ಆಟದ ದಿನ ತಪ್ಪಿಹೋದ ಕೂಲಿಯನ್ನು ಕಟ್ಟಿಕೊಡಬೇಕೆಂದು ಕೇಳಿ, ಆಟವೆಂದರೆ ಹಣ ಮುಟ್ಟದ ಸಜ್ಜನರ ವಿನೋದವೆಂದು ನಂಬಿದ್ದ ಆಡಳಿತದವರಿಂದ ನಿರಾಕರಣೆ ಪಡೆದು, ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಮುಂದೆ ಈ ಆಟಕ್ಕೆ ಅದರದೇ ನಿಯಮಗಳು ಬೆಳೆದವು: ಹದಿನೈದರ ಬದಲು ಹದಿಮೂರು ಆಟಗಾರರು; ಚೆಂಡು ಹಿಡಿದು ಓಡುವವನನ್ನು ಕೆಡವಿದರೆ ಅದು ಒಂದು ಟ್ಯಾಕಲ್; ಇಂಥ ಆರು ಟ್ಯಾಕಲ್ ಆಗುವುದರೊಳಗೆ ಮುಂದೆ ಸಾಗಿ ಏನಾದರೂ ಗಳಿಸದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ ಅದಕ್ಕೆ ಟ್ರೈ ಎಂದು ಹೆಸರು, ಅದಕ್ಕೆ ನಾಲ್ಕು ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಒದ್ದರೆ ಇನ್ನೆರಡು. ಒಟ್ಟು ಆಟ ಎಂಬತ್ತು ನಿಮಿಷ.

ಈ ನಿಯಮಗಳಲ್ಲಿ ಒಂದು, ಸೋಲುವ ತಂಡದ ಅಭಿಮಾನಿಯನ್ನು ಹಿಂಸಿಸಲೆಂದೇ ರಚಿತವಾದಂತೆ ತೋರುತ್ತದೆ. ಅಂಕ ಬಿಟ್ಟುಕೊಟ್ಟ ತಂಡವೇ ಮತ್ತೆ ಮಧ್ಯದಿಂದ ಚೆಂಡನ್ನು ಒದ್ದು ಆಟ ಆರಂಭಿಸಬೇಕು, ಅಂದರೆ ಈಗಷ್ಟೇ ಗಳಿಸಿದವರ ಕೈಗೇ ಚೆಂಡನ್ನು ಮರಳಿ ಒಪ್ಪಿಸಬೇಕು. ಫುಟ್‌ಬಾಲಿನಲ್ಲಿ ಗೋಲು ತಿಂದವರಿಗೆ ಚೆಂಡು ಸಿಗುತ್ತದೆ, ಅದೊಂದು ಸಮಾಧಾನ. ಇಲ್ಲಿ ಹೊಡೆಸಿಕೊಂಡವರು ಮತ್ತೆ ಹೊಡೆಸಿಕೊಳ್ಳಲು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಐದು ನಿಮಿಷ ಚೆಂಡು ಮುಟ್ಟದೆ ಬರೀ ಕೆಡವುತ್ತಲೇ ಇದ್ದ ತಂಡ ಆರನೆಯ ನಿಮಿಷಕ್ಕೆ ಸುಸ್ತಾಗಿರುತ್ತದೆ, ಸುಸ್ತಾದವರು ಕೈ ಚಾಚಿ ಹಿಡಿಯಲು ನೋಡುತ್ತಾರೆ, ಕೈ ಚಾಚಿದಲ್ಲಿ ಎದುರಾಳಿ ತಪ್ಪಿಸಿಕೊಂಡು ಇನ್ನೊಂದು ಟ್ರೈ ಗಳಿಸುತ್ತಾನೆ, ಆಮೇಲೆ ಚೆಂಡು ಮತ್ತೆ ಅವರದೇ. 2020ರಲ್ಲಿ ತಂದ ಇನ್ನೊಂದು ಮಾರ್ಪಾಡಿನ ಪ್ರಕಾರ, ಕೆಡವಿದವರು ಬಿದ್ದವನ ಮೇಲಿಂದ ಬೇಗ ಏಳದಂಥ ತಪ್ಪುಗಳಿಗೆ ಆಟ ನಿಲ್ಲಿಸುವ ಬದಲು ಟ್ಯಾಕಲಿನ ಎಣಿಕೆಯನ್ನೇ ಮೊದಲಿನಿಂದ ಶುರುಮಾಡುತ್ತಾರೆ. ಉಸಿರೆಳೆದುಕೊಳ್ಳಲು ಸಿಗುತ್ತಿದ್ದ ಬಿಡುವೂ ಹೋದ ಮೇಲೆ ದುರ್ಬಲ ತಂಡದ ಸೋಲು ಹನಿಹನಿಯಾಗಿ ಬರುವುದನ್ನು ಬಿಟ್ಟು ಕಟ್ಟೆಯೊಡೆದಂತೆ ಬರತೊಡಗಿತು.

ವೆಸ್ಟ್ಸ್ ಟೈಗರ್ಸ್ ತಂಡದ ಹುಟ್ಟು ಕೂಡ ಸಂತೋಷದ ಸಂದರ್ಭವಾಗಿರಲಿಲ್ಲ. 1908ರಲ್ಲಿ ಸಿಡ್ನಿಯಲ್ಲಿ ಈ ಆಟದ ಸ್ಪರ್ಧೆ ಆರಂಭವಾದಾಗ ಇದ್ದ ಕ್ಲಬ್ಬುಗಳಲ್ಲಿ ಬಾಲ್ಮೇನ್ ಒಂದು, ವೆಸ್ಟರ್ನ್ ಸಬರ್ಬ್ಸ್ ಇನ್ನೊಂದು. ಬಾಲ್ಮೇನಿನ ಲಾಂಛನ ಹುಲಿ, ವೆಸ್ಟರ್ನ್ ಸಬರ್ಬ್ಸಿನದು ಕಪ್ಪು ಬಿಳುಪಿನ ಮ್ಯಾಗ್‌ಪೈ ಹಕ್ಕಿ. 1990ರ ದಶಕದಲ್ಲಿ ದೂರದರ್ಶನ ಪ್ರಸಾರದ ಹಕ್ಕಿಗಾಗಿ ಎರಡು ಮಾಧ್ಯಮ ಸಾಮ್ರಾಜ್ಯಗಳು ಸೆಣಸಿ ಆಟವನ್ನೇ ಎರಡಾಗಿ ಸೀಳಿ, ಆಮೇಲೆ ರಾಜಿಯಾಗಿ, ತಂಡಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ಇಳಿಸಬೇಕೆಂದು ತೀರ್ಮಾನಿಸಿದಾಗ ಈ ಎರಡು ಕ್ಲಬ್ಬುಗಳು 1999ರಲ್ಲಿ ಒಂದಾದವು. ಪ್ರೀತಿಯಿಂದಾದ ವಿವಾಹವಲ್ಲ, ಮನೆ ಉಳಿಸಿಕೊಳ್ಳಲು ಹಿರಿಯರು ಕೂತು ಮಾತಾಡಿ ಮುಗಿಸಿದ ಸಂಬಂಧ. ಆಗ ಒಂದಾಗಲೊಪ್ಪದೆ ಹೊರದೂಡಲ್ಪಟ್ಟ ಸೌತ್ ಸಿಡ್ನಿ ತಂಡಕ್ಕಾಗಿ ಜನ ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲೇರಿದರು, 2002ರಲ್ಲಿ ಅದನ್ನು ಮರಳಿ ತಂದರು. ವೆಸ್ಟ್ಸ್ ಟೈಗರ್ಸ್ ಅಭಿಮಾನಿಗೆ ಅಂಥ ವೀರಗಾಥೆಯೂ ಇಲ್ಲ, ಅವನ ಪಾಲಿಗೆ ಬಂದದ್ದು ರಾಜಿಪತ್ರ.

ಎರಡು ಮನೆತನ ಒಂದಾದಾಗ ಆಸ್ತಿಯ ಜೊತೆಗೆ ಸಾಲವೂ ಒಂದಾಗುವಂತೆ ಇಲ್ಲಿ ಎರಡು ಕ್ಲಬ್ಬುಗಳ ಸಂಕಟಗಳೂ ಒಂದೇ ಖಾತೆಗೆ ಜಮೆಯಾದವು. ಬಾಲ್ಮೇನ್ ಹಿಂದೆ ಹಡಗುಕಟ್ಟೆಯ ಕೂಲಿಗಳ ಊರು, ಇಂದು ಕೂಲಿಯವನು ಕಣ್ಣೆತ್ತಿಯೂ ನೋಡಲಾಗದಷ್ಟು ದುಬಾರಿ ಮನೆಗಳ ಬಡಾವಣೆ. ಅಲ್ಲಿಯ ತಂಡ ಹನ್ನೊಂದು ಸಲ ಪ್ರಶಸ್ತಿ ಗೆದ್ದಿದ್ದರೂ ಅದರ ಅಭಿಮಾನಿಗಳ ಸ್ಮೃತಿಯಲ್ಲಿ ಗಟ್ಟಿಯಾಗಿ ನಿಂತಿರುವುದು ಸೋತ ಪಂದ್ಯ: 1989ರ ಅಂತಿಮ ಪಂದ್ಯದಲ್ಲಿ ಬೆನ್ ಎಲಿಯಾಸ್ ಒದ್ದ ಚೆಂಡು ಕಂಬಗಳ ನಡುವಿನ ಅಡ್ಡಪಟ್ಟಿಗೆ ಬಡಿದು ಮರಳಿ, ಕ್ಯಾನ್ಬೆರಾ ತಂಡ ಹೆಚ್ಚುವರಿ ಸಮಯದಲ್ಲಿ 19-14ರಿಂದ ಗೆದ್ದಿತು. ಆ ಅಡ್ಡಪಟ್ಟಿ ನಾಲ್ಕು ಬೆರಳು ಕೆಳಗಿದ್ದರೆ ಏನಾಗುತ್ತಿತ್ತೆಂಬ ವಿಚಾರ ಮೂರೂವರೆ ದಶಕ ಕಳೆದರೂ ಅಲ್ಲಿಯ ಹೋಟೆಲುಗಳಲ್ಲಿ ಇತ್ಯರ್ಥವಾಗಿಲ್ಲ. ಕ್ಲಬ್ಬಿನ ಸ್ವಂತ ಕಟ್ಟಡದ ಕತೆಯೂ ಇದೇ ಜಾಡಿನದು; ಮೆಟ್ರೋ ರೈಲು ಬರುತ್ತದೆಂದು 2010ರಲ್ಲಿ ರೋಜೆಲ್ ಬಡಾವಣೆಯ ಆ ಕಟ್ಟಡವನ್ನು ಖಾಲಿ ಮಾಡಿದರು, ಆದರೆ ಆ ಮೆಟ್ರೋ ಯೋಜನೆಯೇ ರದ್ದಾಯಿತು.

ವೆಸ್ಟರ್ನ್ ಸಬರ್ಬ್ಸ್ ತಂಡದ ದುಃಖ ಇನ್ನೂ ಕುಲೀನವಾದದ್ದು. 1961, 1962 ಮತ್ತು 1963ರಲ್ಲಿ ಸಾಲಾಗಿ ಮೂರು ಅಂತಿಮ ಪಂದ್ಯಗಳನ್ನು ಅದು ಸೇಂಟ್ ಜಾರ್ಜ್ ತಂಡಕ್ಕೆ ಸೋತಿತು. ಸೇಂಟ್ ಜಾರ್ಜ್ 1956ರಿಂದ 1966ರವರೆಗೆ ಸತತ ಹನ್ನೊಂದು ಪ್ರಶಸ್ತಿ ಗೆದ್ದ ತಂಡವಾದ್ದರಿಂದ ಸೋಲು ಅನಿರೀಕ್ಷಿತವೇನಲ್ಲ. 1963ರ ಪಂದ್ಯ ಮುಗಿದಾಗ ಅಡಿಯಿಂದ ಮುಡಿಯವರೆಗೆ ಕೆಸರು ಮೆತ್ತಿಕೊಂಡಿದ್ದ ಇಬ್ಬರು ನಾಯಕರು, ಸೇಂಟ್ ಜಾರ್ಜಿನ ಎತ್ತರದ ನಾರ್ಮ್ ಪ್ರೊವನ್ ಮತ್ತು ವೆಸ್ಟರ್ನ್ ಸಬರ್ಬ್ಸಿನ ಗಿಡ್ಡ ದೇಹದ ಆರ್ಥರ್ ಸಮನ್ಸ್, ಒಬ್ಬರನ್ನೊಬ್ಬರು ತಬ್ಬಿನಿಂತ ಚಿತ್ರವನ್ನು ಜಾನ್ ಒ'ಗ್ರೆಡಿ ಎಂಬ ಪತ್ರಿಕಾ ಛಾಯಾಗ್ರಾಹಕರು ತೆಗೆದರು. ಕ್ರೀಡಾ ಸೌಹಾರ್ದದ ಪ್ರತೀಕವೆಂದು ಖ್ಯಾತವಾದ ಆ ಚಿತ್ರವನ್ನೇ ಕಂಚಿನಲ್ಲಿ ಎರಕ ಹೊಯ್ದು ಇಂದು ವಿಜೇತ ತಂಡಕ್ಕೆ ಕೊಡುತ್ತಾರೆ. ಆ ಗಳಿಗೆಯಲ್ಲಿ ಸಮನ್ಸ್ ಹೇಳುತ್ತಿದ್ದುದಾದರೂ ಏನು? ಅವರೇ ಆಮೇಲೆ ಹೇಳಿಕೊಂಡ ಪ್ರಕಾರ, ರೆಫರಿಯ ತೀರ್ಪುಗಳ ಬಗ್ಗೆ ದೂರು. ಹೀಗೆ ಪ್ರತಿ ವರ್ಷ ಗೆದ್ದ ತಂಡವೊಂದು ತಲೆಯ ಮೇಲೆತ್ತಿ ಮೆರೆಸುವ ಟ್ರೋಫಿಯ ಅರ್ಧಭಾಗ ಸೋತವನೊಬ್ಬನ ಗೊಣಗಾಟವೆಂಬುದು ಆ ತಂಡದ ವಾರಸುದಾರರಿಗೆ ಸಲ್ಲಬೇಕಾದ ಸಣ್ಣ ಗೌರವ.

ಇದೇ ತಂಡ 1970ರ ದಶಕದ ಕೊನೆಯಲ್ಲಿ ತನ್ನ ಬಡತನವನ್ನೇ ಆಯುಧವಾಗಿ ಹಿಡಿಯಿತು. ತರಬೇತುದಾರ ರಾಯ್ ಮಾಸ್ಟರ್ಸ್ ತಮ್ಮವರನ್ನು ಫೈಬ್ರೊಗಳೆಂದು, ಕಡಲತೀರದ ಸಿರಿವಂತ ಮ್ಯಾನ್ಲಿ ತಂಡದವರನ್ನು ಬೆಳ್ಳಿಬಾಲದವರೆಂದು ಕರೆದು ಪ್ರತಿ ಪಂದ್ಯವನ್ನೂ ವರ್ಗಸಮರದಂತೆ ಕಟ್ಟಿದರು. ಫೈಬ್ರೊ ಎಂದರೆ ಕಲ್ನಾರು ಬೆರೆಸಿದ ಸಿಮೆಂಟಿನ ತೆಳು ಹಲಗೆ, ಪಶ್ಚಿಮ ಸಿಡ್ನಿಯ ಬಡವರ ಮನೆಗಳ ಗೋಡೆ. ಆಟಗಾರರು ಮೈದಾನಕ್ಕಿಳಿಯುವ ಮೊದಲು ಒಬ್ಬರ ಕೆನ್ನೆಗೆ ಇನ್ನೊಬ್ಬರು ಬಾರಿಸಿಕೊಂಡು ಹುರುಪೇರಿಸಿಕೊಳ್ಳುತ್ತಿದ್ದರು. 1978ರಲ್ಲಿ ಲೀಗ್ ಹಂತದ ಅಗ್ರಸ್ಥಾನ ಅವರದಾಯಿತು, ಪ್ರಶಸ್ತಿ ಮಾತ್ರ ಮ್ಯಾನ್ಲಿಯ ಪಾಲಾಯಿತು.

ಇಂಥ ಪಿತ್ರಾರ್ಜಿತದ ಮೇಲೆ ಹೊಸ ತಂಡಕ್ಕೆ ಒಂದೇ ಒಂದು ವರ್ಷ ಹೊಳಪು ಕಂಡಿತು. 2005ರ ಅಕ್ಟೋಬರಿನ ಅಂತಿಮ ಪಂದ್ಯದಲ್ಲಿ ಇಪ್ಪತ್ತು ವರ್ಷದ ಬೆಂಜಿ ಮಾರ್ಷಲ್ ತಮ್ಮ ಗೆರೆಯ ಬಳಿಯಿಂದ ಓಡುತ್ತ ಎದುರಾಳಿಗಳನ್ನು ಹಿಂದಿಕ್ಕಿ, ಹಿಡಿಯಲು ಬಂದವನ ಆಚೆಯಿಂದ ಒಂದೇ ಕೈಯಲ್ಲಿ ಹಿಂದಕ್ಕೆ ಚಿಮ್ಮಿದ ಚೆಂಡನ್ನು ಪ್ಯಾಟ್ ರಿಚರ್ಡ್ಸ್ ಹಿಡಿದು ಗೆರೆ ದಾಟಿದರು. ನಾರ್ತ್ ಕ್ವೀನ್ಸ್‌ಲೆಂಡ್ ಕೌಬಾಯ್ಸ್ ತಂಡ 30-16ರಿಂದ ಸೋತಿತು. ವೆಸ್ಟ್ಸ್ ಟೈಗರ್ಸಿನ ಏಕೈಕ ಪ್ರಶಸ್ತಿ ಇದು. ಅಭಿಮಾನಿಯ ಮುಂದಿನ ಎಲ್ಲ ತೊಂದರೆಗೂ ಈ ಪಾಸೇ ಕಾರಣವೆಂದರೆ ಹೆಚ್ಚಾಗದು, ಏಕೆಂದರೆ ಒಮ್ಮೆ ಅಂಥದನ್ನು ಕಂಡವನು ಅದು ಮತ್ತೆ ಆಗಲಾರದೆಂದು ನಂಬಲು ಒಪ್ಪುವುದೇ ಇಲ್ಲ. 2010ರಲ್ಲಿ ಅಂತಿಮ ಪಂದ್ಯದ ಬಾಗಿಲಿನಲ್ಲಿ 13-12ರಿಂದ, ಅಂದರೆ ಒಂದೇ ಒಂದು ಅಂಕದಿಂದ ತಂಡ ಸೋತಿತು; 2011ರಲ್ಲಿ ನ್ಯೂಜಿಲೆಂಡಿನ ವಾರಿಯರ್ಸ್ ವಿರುದ್ಧ ಎರಡು ಅಂಕದಿಂದ ಹೊರಬಿತ್ತು. ಪ್ರಶಸ್ತಿಯ ಸುತ್ತನ್ನು ಅದು ಮುಟ್ಟಿದ್ದು ಅದೇ ಕೊನೆ, ಆಮೇಲೆ 2025ರವರೆಗೂ ಇಲ್ಲ.

ಒಂಬತ್ತನೆಯ ಸ್ಥಾನದ ಪೈಕಿ 2016ರದು ಉತ್ಕೃಷ್ಟ ಮಾದರಿ. ಕೊನೆಯ ಸುತ್ತಿನಲ್ಲಿ ಕ್ಯಾನ್ಬೆರಾವನ್ನು ಸೋಲಿಸಿದರೆ ಎಂಟನೆಯ ಸ್ಥಾನ ಖಚಿತವಿತ್ತು, ಪಂದ್ಯವೂ ಸ್ವಂತ ಲೈಕಾರ್ಟ್ ಮೈದಾನದಲ್ಲಿತ್ತು. ಲೈಕಾರ್ಟ್ ಎಂಬುದು ಹುಲ್ಲಿನ ದಿಬ್ಬದ ಮೇಲೆ ಕೂತು ಆಟ ನೋಡುವ ಹಳೆಯ ಕಾಲದ ಮೈದಾನ. ಅಲ್ಲಿಯ ನಿಷ್ಠಾವಂತರು ಅದನ್ನು ಜಗತ್ತಿನ ಎಂಟನೆಯ ಅದ್ಭುತವೆಂದು ಕರೆಯುತ್ತಾರೆ, ಅರ್ಧ ಹಾಸ್ಯ, ಅರ್ಧ ನಂಬಿಕೆ. ಚಳಿಗಾಲದಲ್ಲೂ ಬರೀ ಬನಿಯನ್ ತೊಟ್ಟು ಗೆರೆಯಂಚಿನಲ್ಲಿ ಗಾಳಿಗೆ ಗುದ್ದುತ್ತ ಪ್ರಾಸಬದ್ಧ ಘೋಷಣೆ ಕೂಗುತ್ತಿದ್ದ ಲಾರಿ ನಿಕೋಲ್ಸ್ ಎಂಬ ಬಾಲ್ಮೇನ್ ಅಭಿಮಾನಿಯ ಊರು ಅದು. ಆ ದಿಬ್ಬ ಕಿಕ್ಕಿರಿದು ತುಂಬಿದ್ದ ದಿನ ತಂಡ 52-10ರಿಂದ ಸೋತಿತು. ದಶಕಕ್ಕೂ ಮಿಕ್ಕಿ ಆಡಿ, ಆ ವರ್ಷ ತರಬೇತುದಾರರೊಂದಿಗೆ ಸರಿಬಾರದೆ ಮೀಸಲು ತಂಡಕ್ಕೆ ಇಳಿದಿದ್ದ ರಾಬಿ ಫಾರಾ ಆ ದಿನ ಕೈಯಲ್ಲಿ ಬಿಯರ್ ಹಿಡಿದು ಸ್ಕೋರ್‌ಬೋರ್ಡಿನ ನೆತ್ತಿಯ ಮೇಲೆ ಹತ್ತಿ ಕುಳಿತಿದ್ದರು. ಮೂರು ವರ್ಷದ ಮೇಲೆ, 2019ರಲ್ಲಿ, ತಂಡಕ್ಕೆ ಮರಳಿದ್ದ ಅದೇ ಫಾರಾ ವಿದಾಯ ಹೇಳಿದ ಕೊನೆಯ ಸುತ್ತಿನ ಪಂದ್ಯವೂ ಇದೇ ಮೈದಾನದಲ್ಲಿ, ಗೆದ್ದವರಿಗೆ ಎಂಟರೊಳಗೆ ಸ್ಥಾನವೆಂಬ ಅದೇ ಷರತ್ತಿನೊಂದಿಗೆ ನಡೆಯಿತು. ಕ್ರೊನುಲ್ಲಾ ತಂಡ 25-8ರಿಂದ ಗೆದ್ದು ಹೋಯಿತು.

ಸೋಲಿಗಿಂತ ಹೆಚ್ಚಾಗಿ ಅಭಿಮಾನಿಯ ಮನಸ್ಸನ್ನು ಕೊರೆಯುವುದು ಬಿಟ್ಟುಹೋದವರ ಏಳಿಗೆ. ತಂಡಗಳು ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಈ ಲೀಗಿನಲ್ಲಿ ಮಿತಿಯಿದೆ; ಸಿರಿವಂತ ಕ್ಲಬ್ಬು ಎಲ್ಲ ಪ್ರತಿಭೆಗಳನ್ನೂ ಕೊಂಡುಕೊಳ್ಳಬಾರದೆಂಬ ಸದುದ್ದೇಶದ ನಿಯಮವಿದು. ಆದರೆ ಎಲ್ಲರೂ ಕೊಡುವ ಸಂಬಳ ಹತ್ತಿರ ಹತ್ತಿರ ಒಂದೇ ಆದಾಗ ಆಟಗಾರ ಸಹಜವಾಗಿಯೇ ಗೆಲ್ಲುವವರ ಕಡೆ ನೋಡುತ್ತಾನೆ, ಸೋಲುವವರು ಸಾಧಾರಣ ಆಟಗಾರನಿಗೂ ಹೆಚ್ಚಿನ ಬೆಲೆ ತೆತ್ತು ಹಿಡಿದಿಟ್ಟುಕೊಳ್ಳಬೇಕಾಗುತ್ತದೆ, ಹಾಗೆ ತೆತ್ತ ಮೇಲೆ ಒಳ್ಳೆಯವರಿಗೆ ಕೊಡಲು ಉಳಿಯುವುದಿಲ್ಲ. 2016ರಲ್ಲಿ ಇಲ್ಲಿ ಆಡಿದ ಜಾಶ್ ಆಡೊ-ಕಾರ್ ಮರುವರ್ಷವೇ ಮೆಲ್ಬರ್ನ್ ಪರವಾಗಿ ಪ್ರಶಸ್ತಿ ಗೆದ್ದರು. ಜೇಮ್ಸ್ ಟೆಡೆಸ್ಕೊ 2017ರ ಕೊನೆಗೆ ರೂಸ್ಟರ್ಸ್ ತಂಡ ಸೇರಿ 2018ರಲ್ಲೂ 2019ರಲ್ಲೂ ಗೆದ್ದರು. ಅದೇ ಹೊತ್ತಿಗೆ ಹೊರಬಿದ್ದ ಮಿಚೆಲ್ ಮೋಸೆಸ್ 2022ರಲ್ಲಿ ಪ್ಯಾರಮ್ಯಾಟಾವನ್ನು ಅಂತಿಮ ಪಂದ್ಯದವರೆಗೆ ಒಯ್ದರು. ಇವರೊಡನೆ ಬೆಳೆದು ಬಿಟ್ಟುಹೋಗದೆ ಉಳಿದ ಲ್ಯೂಕ್ ಬ್ರೂಕ್ಸ್ ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದರೂ ಒಂದೇ ಒಂದು ಸಲ ಪ್ರಶಸ್ತಿ ಸುತ್ತನ್ನು ಕಾಣಲಿಲ್ಲ, ಮೇಲಾಗಿ ಸೋಲಿನ ಹೊಣೆಯೆಲ್ಲ ಅವರ ತಲೆಗೇ ಬಂತು. 2023ರ ಕೊನೆಗೆ ಅವರೂ ಮ್ಯಾನ್ಲಿಗೆ ಹೋದರು, ಮರುವರ್ಷ ಮ್ಯಾನ್ಲಿ ಪ್ರಶಸ್ತಿ ಸುತ್ತಿಗೇರಿತು. ನಿಷ್ಠೆಗೆ ಈ ಲೋಕದಲ್ಲಿ ದೊರೆಯುವ ಪ್ರತಿಫಲವನ್ನು ಕುರಿತು ಬರೆಯಲು ಹೊರಡುವ ನೀತಿಕಾರನಿಗೆ ಬ್ರೂಕ್ಸ್ ಅವರ ಹನ್ನೊಂದು ವರ್ಷ ತೀರ ಅನನುಕೂಲವಾದ ಸಾಮಗ್ರಿ.

ತರಬೇತುದಾರರ ಕತೆ ಇನ್ನೂ ಮೊನಚಾದದ್ದು. ಇವಾನ್ ಕ್ಲಿಯರಿ ಎಂಬವರು 2017ರಲ್ಲಿ ಬಂದು, ತಂಡವನ್ನು ಬಸ್ಸಿಗೆ ಹೋಲಿಸಿ, ಹತ್ತುವವರು ಹತ್ತಲಿ, ಇಳಿಯುವವರು ಇಳಿಯಲಿ ಎಂಬರ್ಥದ ಮಾತಾಡಿ ಹೆಸರಾದರು. 2018 ಮುಗಿಯುತ್ತಿದ್ದಂತೆ ಚಾಲಕರೇ ಇಳಿದು ಪೆನ್ರಿತ್ ತಂಡ ಸೇರಿದರು. ಅವರ ಕೈಕೆಳಗೆ ಪೆನ್ರಿತ್ 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದಿತು, ಅವುಗಳಲ್ಲಿ ಮೂರು ವೆಸ್ಟ್ಸ್ ಟೈಗರ್ಸ್ ಕೊನೆಯ ಸ್ಥಾನದಲ್ಲಿದ್ದ ವರ್ಷಗಳಲ್ಲೇ ಬಂದವು. ಅವರ ಜಾಗಕ್ಕೆ ಬಂದ ಮೈಕೆಲ್ ಮಗ್ವೈರ್ ಅವರನ್ನು 2022ರ ಮಧ್ಯದಲ್ಲಿ ಮನೆಗೆ ಕಳಿಸಿದರು. 2025ರಲ್ಲಿ ಬ್ರಿಸ್ಬೇನ್ ಪ್ರಶಸ್ತಿ ಗೆದ್ದಾಗ ಅದರ ತರಬೇತುದಾರರು ಇದೇ ಮಗ್ವೈರ್. ಈ ಕ್ಲಬ್ಬಿನಿಂದ ಹೊರಬೀಳುವುದೇ ಒಂದು ಬಗೆಯ ತರಬೇತಿಯಿರಬಹುದೆಂದು ಅಭಿಮಾನಿಗಳು ಆಡಿಕೊಳ್ಳುವುದರಲ್ಲಿ ತರ್ಕದೋಷವಿದ್ದರೂ ಆಧಾರದ ಕೊರತೆಯಂತೂ ಇಲ್ಲ.

ಆ 2022ರ ಜುಲೈ 24ರಂದು ಟೌನ್ಸ್‌ವಿಲ್ ನಗರದಲ್ಲಿ ಕೌಬಾಯ್ಸ್ ವಿರುದ್ಧ ನಡೆದದ್ದನ್ನು ಸ್ವಲ್ಪ ಸಾವಕಾಶವಾಗಿ ನೋಡುವುದು ಉಚಿತ. ಆಟದ ಗಡಿಯಾರದಲ್ಲಿ ಒಂದು ಸೆಕೆಂಡು ಉಳಿದಿತ್ತು, ವೆಸ್ಟ್ಸ್ ಟೈಗರ್ಸ್ 26-25ರಿಂದ ಮುಂದಿತ್ತು, ಅಂಕ ಬಿಟ್ಟುಕೊಟ್ಟ ಕೌಬಾಯ್ಸ್ ನಿಯಮದಂತೆ ಮಧ್ಯದಿಂದ ಚೆಂಡನ್ನು ಒದೆಯಬೇಕಿತ್ತು. ಅವರು ಚೆಂಡನ್ನು ಹತ್ತಿರಕ್ಕೇ ಎತ್ತರಕ್ಕೆ ಒದ್ದು ಅದರ ಹಿಂದೆ ಓಡಿದರು. ಚೆಂಡು ಕೈಗೆ ದಕ್ಕದೆ ನೆಲಕ್ಕೆ ಬಿತ್ತು, ರೆಫರಿ ಆಟ ಮುಗಿಯಿತೆಂದು ಸೀಟಿ ಊದಿದರು, ಹುಲಿಗಳು ತಬ್ಬಿಕೊಂಡರು. ಆಗ ಕೌಬಾಯ್ಸ್ ನಾಯಕ, ಚೆಂಡಿನ ಹಿಂದೆ ಓಡುತ್ತಿದ್ದ ತಮ್ಮವನಿಗೆ ಎದುರಾಳಿ ಅಡ್ಡಬಂದನೆಂದು ಆಕ್ಷೇಪ ಎತ್ತಿದರು. ರೆಫರಿಯ ತೀರ್ಪನ್ನು ಮರುಪರಿಶೀಲಿಸಲು ನಾಯಕನಿಗಿರುವ ಈ ಅವಕಾಶಕ್ಕೆ ಕ್ಯಾಪ್ಟನ್ಸ್ ಚಾಲೆಂಜ್ ಎನ್ನುತ್ತಾರೆ. ಪರಿಶೀಲನೆ ನಡೆಸುವವರು ಬಂಕರ್ ಎಂಬ ಹೆಸರಿನ ಕೊಠಡಿಯಲ್ಲಿ ವಿಡಿಯೋ ಮುಂದೆ ಕುಳಿತ ಅಧಿಕಾರಿಗಳು. ಮುಗಿದ ಪಂದ್ಯದಲ್ಲಿ ಆಕ್ಷೇಪವೆತ್ತಲು ಬರುತ್ತದೆಯೇ ಎಂಬ ಪ್ರಶ್ನೆ ಮೈದಾನದಲ್ಲಿ ಚರ್ಚೆಯಾಗುತ್ತಿರುವಾಗಲೇ ಬಂಕರ್ ಆಕ್ಷೇಪವನ್ನು ಎತ್ತಿಹಿಡಿದು ಪೆನಾಲ್ಟಿ ಕೊಟ್ಟಿತು, ವ್ಯಾಲೆಂಟೈನ್ ಹೋಮ್ಸ್ ಎರಡು ಅಂಕದ ಒದೆತವನ್ನು ಕಂಬಗಳ ನಡುವೆ ಕಳಿಸಿದರು, ಫಲಿತಾಂಶ 27-26. ಆ ಪೆನಾಲ್ಟಿ ಕೊಡಬಾರದಿತ್ತೆಂದು ಲೀಗಿನ ಅಧಿಕಾರಿಗಳು ಆಮೇಲೆ ಒಪ್ಪಿಕೊಂಡರು. ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು. ತಪ್ಪನ್ನು ಯಾರೂ ಒಪ್ಪದಿದ್ದರೆ ಅಭಿಮಾನಿ ಹೋರಾಡಬಹುದು. ಒಪ್ಪಿಕೊಂಡೂ ಏನೂ ಮಾಡದವರೆದುರು ಅವನ ಕೈಯಲ್ಲಿ ಯಾವ ಆಯುಧವೂ ಉಳಿಯುವುದಿಲ್ಲ. ಆ ವರ್ಷ ತಂಡ ಗೆದ್ದದ್ದು ಒಟ್ಟು ನಾಲ್ಕು ಪಂದ್ಯ.

ಕೊನೆಯ ಸ್ಥಾನಕ್ಕೆ ಈ ಆಟದವರು ಮರದ ಸೌಟು ಎನ್ನುತ್ತಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಗೌರವ ಶ್ರೇಣಿಯ ತಳದಲ್ಲಿ ಉತ್ತೀರ್ಣನಾದವನಿಗೆ ಸಹಪಾಠಿಗಳು ತಮಾಷೆಗಾಗಿ ಕೊಡುತ್ತಿದ್ದ ಕಾಣಿಕೆ ಅದು. ಅಲ್ಲಿ ಆ ಪದ್ಧತಿ 1909ಕ್ಕೆ ನಿಂತರೂ ಕ್ರೀಡಾಲೋಕ ಹೆಸರನ್ನು ಉಳಿಸಿಕೊಂಡಿತು. ಎರಡನೆಯ ಸೌಟಿನ ವರ್ಷವಾದ 2023ರಲ್ಲಿ ನಡೆದದ್ದನ್ನು ವಿವರಿಸಲು ಗಣಿತವೂ ಸಾಲದು. ಮೊದಲ ಏಳೂ ಪಂದ್ಯ ಸೋತ ತಂಡ ಏಪ್ರಿಲ್ ಕೊನೆಗೆ ಬ್ಯಾಥರ್ಸ್ಟ್ ಊರಿನ ಮಳೆಯಲ್ಲಿ, ಹಾಲಿ ವಿಜೇತ ಪೆನ್ರಿತ್ ತಂಡವನ್ನೇ 12-8ರಿಂದ ಸೋಲಿಸಿತು. ಮೇ ತಿಂಗಳಲ್ಲಿ ಲೈಕಾರ್ಟಿನಲ್ಲಿ ಕೌಬಾಯ್ಸ್ ತಂಡವನ್ನು 66-18ರಿಂದ ಬಗ್ಗುಬಡಿಯಿತು. ಆರು ವಾರ ಕಳೆದು ಜುಲೈ 1ರಂದು ಅದೇ ಕೌಬಾಯ್ಸ್ ತಂಡಕ್ಕೆ ಟೌನ್ಸ್‌ವಿಲ್‌ನಲ್ಲಿ 74-0ರಿಂದ ಸೋತಿತು, ಎಂಬತ್ತು ನಿಮಿಷದ ಆಟದಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಅಂಕದ ಲೆಕ್ಕ. ಇದೇ ವರ್ಷ ಆಸ್ಟ್ರೇಲಿಯಾದ ಯೋಧರ ಸ್ಮರಣೆಗಾಗಿ ಆಂಜಾಕ್ ದಿನಕ್ಕೆಂದು ಕ್ಲಬ್ಬು ಸಿದ್ಧಪಡಿಸಿದ ವಿಶೇಷ ಅಂಗಿಯ ಮೇಲೆ ಅಚ್ಚಾಗಿದ್ದವರು ಅಮೆರಿಕದ ಸೈನಿಕರೆಂದು ಬಯಲಾಯಿತು. ಸೋಲು ಮೈದಾನದ ಹೊರಗೂ ಹಬ್ಬುವ ಸೋಂಕೆಂದು ನಂಬುವವರಿಗೆ ಇದಕ್ಕಿಂತ ಪುರಾವೆ ಬೇಕಿಲ್ಲ.

2024ರಲ್ಲಿ ತರಬೇತುದಾರರಾದವರು ಬೆಂಜಿ ಮಾರ್ಷಲ್, 2005ರಲ್ಲಿ ಆ ಚೆಂಡನ್ನು ಚಿಮ್ಮಿದವರೇ. ಕೊನೆಯ ಸುತ್ತಿನಲ್ಲಿ ಪ್ಯಾರಮ್ಯಾಟಾ ತಂಡದೊಡನೆ, ವೆಸ್ಟರ್ನ್ ಸಬರ್ಬ್ಸ್ ಕಡೆಯ ಮೈದಾನವಾದ ಕ್ಯಾಂಬೆಲ್‌ಟೌನಿನಲ್ಲಿ ನಡೆದ ಪಂದ್ಯ ಸೌಟು ಯಾರಿಗೆಂದು ನಿರ್ಧರಿಸುವ ಪಂದ್ಯವಾಗಿತ್ತು. ತಳಕ್ಕೆ ಬೀಳದಿರಲು ನಡೆದ ಆ ಸೆಣಸಾಟವನ್ನೂ ತಂಡ 60-26ರಿಂದ ಸೋತಿತು. ಗಮನಿಸಬೇಕಾದ ಸಂಗತಿಯೆಂದರೆ ಈ ಹೊತ್ತಿಗೆ ಅಭಿಮಾನಿಗಳ ಸಿಟ್ಟು ತಣ್ಣಗಾಗಿ ಅದರ ಜಾಗದಲ್ಲಿ ಒಂದು ಬಗೆಯ ಹಾಸ್ಯ ಬಂದು ಕುಳಿತಿತ್ತು. ಚಮಚ, ಸೌಟುಗಳ ಮಾತನ್ನು ಎದುರಾಳಿಗಳಿಗಿಂತ ಮೊದಲು ತಾವೇ ಆಡಿ ಮುಗಿಸುವುದನ್ನು ಅವರು ಕಲಿತಿದ್ದರು. ತೀರ ಸೋತವನ ಈ ಪ್ರಸನ್ನತೆಯನ್ನು ವೈರಾಗ್ಯವೆಂದು ಹೊರಗಿನವರು ಮೆಚ್ಚುವುದುಂಟು. ಹತ್ತಿರದಿಂದ ನೋಡಿದರೆ ಅದು ಜೋಮು ಹಿಡಿದ ಕಾಲು ನೋಯದಿರುವಂಥ ಸ್ಥಿತಿ ಮಾತ್ರ.

ಸೋಲಿನ ವರ್ಷಕ್ಕೆ ಈ ಲೀಗಿನಲ್ಲಿ ಯಾವ ಫಲವೂ ಇಲ್ಲವೆಂಬುದು ಈ ಜೋಮನ್ನು ಹೆಚ್ಚಿಸುತ್ತದೆ. ಯೂರೋಪಿನ ಫುಟ್‌ಬಾಲ್ ಪದ್ಧತಿಯಲ್ಲಿ ಕೊನೆಗೆ ಬಂದವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ, ಅದರಿಂದ ತಳದ ಪಂದ್ಯಗಳಿಗೂ ಪ್ರಾಣಭಯದ ಬಿಸಿಯಿರುತ್ತದೆ. ಅಮೆರಿಕದ ಲೀಗುಗಳಲ್ಲೂ ಆಸ್ಟ್ರೇಲಿಯಾದ್ದೇ ಇನ್ನೊಂದು ಫುಟ್‌ಬಾಲಿನಲ್ಲೂ ಕೆಳಗೆ ಬಂದವರಿಗೆ ಮುಂದಿನ ವರ್ಷದ ಹೊಸ ಪ್ರತಿಭೆಗಳನ್ನು ಆರಿಸುವ ಸರದಿಯಲ್ಲಿ ಮೊದಲ ಸ್ಥಾನ ಕೊಡುತ್ತಾರೆ. ಡ್ರಾಫ್ಟ್ ಎಂಬ ಈ ಏರ್ಪಾಟಿನಲ್ಲಿ ಸೋಲೂ ಒಂದು ಬಂಡವಾಳ. ಸಿಡ್ನಿಯ ರಗ್ಬಿ ಲೀಗ್ ಇದನ್ನು 1990ರ ಆಸುಪಾಸಿನಲ್ಲಿ ತಂದಿತ್ತು, ಆಟಗಾರರು ನ್ಯಾಯಾಲಯಕ್ಕೆ ಹೋದರು, ಅದು ಆಟಗಾರನ ದುಡಿಮೆಯ ಸ್ವಾತಂತ್ರ್ಯಕ್ಕೆ ಅನುಚಿತ ಅಡ್ಡಿಯೆಂದು ಫೆಡರಲ್ ನ್ಯಾಯಾಲಯದ ಪೂರ್ಣಪೀಠ 1991ರಲ್ಲಿ ತಳ್ಳಿಹಾಕಿತು. ದುಡಿಯುವವನು ಎಲ್ಲಿ ದುಡಿಯಬೇಕೆಂದು ತಾನೇ ತೀರ್ಮಾನಿಸಬೇಕೆಂಬ ಆ ತೀರ್ಪು 1895ರ ಹೋಟೆಲ್ ಸಭೆಯ ಮನೋಧರ್ಮಕ್ಕೆ ಒಪ್ಪುವಂಥದೇ, ಅದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಆದರೆ ಪರಿಣಾಮವಾಗಿ ಇಲ್ಲಿ ಕೊನೆಗೆ ಬಂದವರಿಗೆ ಶಿಕ್ಷೆಯೂ ಇಲ್ಲ, ಪರಿಹಾರವೂ ಇಲ್ಲ. ಮಾರ್ಚಿ ತಿಂಗಳಲ್ಲಿ ಎಲ್ಲರ ಜೊತೆ ಸೊನ್ನೆಯಿಂದ ಮತ್ತೆ ಶುರು.

ಆಟಗಾರನಿಗೆ ನ್ಯಾಯಾಲಯ ಖಚಿತಪಡಿಸಿದ ಈ ಸ್ವಾತಂತ್ರ್ಯವನ್ನು ಅಭಿಮಾನಿ ಮಾತ್ರ ಬಳಸಿಕೊಳ್ಳುವುದಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಅಮೆರಿಕದ ಏಳು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಮ್ಮ ಫುಟ್‌ಬಾಲ್ ತಂಡ ಗೆದ್ದ ವಾರಾಂತ್ಯ ಕಳೆದು ಬಂದ ಸೋಮವಾರ ವಿಶ್ವವಿದ್ಯಾಲಯದ ಹೆಸರಿನ ಅಂಗಿಗಳನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದುದನ್ನು ಎಣಿಸಿ ತೋರಿಸಿದರು. ಗೆದ್ದವರ ಬೆಳಕಿನಲ್ಲಿ ನಿಲ್ಲುವುದು, ಸೋತವರಿಂದ ಸರಿಯುವುದು ಮನುಷ್ಯಸ್ವಭಾವವೆಂದು ಆ ಬಗೆಯ ಸಂಶೋಧನೆಗಳ ಸಾರ. 74-0ರ ಮರುದಿನ ಕಿತ್ತಳೆ ಕಪ್ಪು ಬಣ್ಣದ ಅಂಗಿ ತೊಟ್ಟು ಕ್ಯಾಂಬೆಲ್‌ಟೌನಿನ ರೈಲು ನಿಲ್ದಾಣದಲ್ಲಿ ನಿಲ್ಲುವವನಿಗೆ ಈ ಸಿದ್ಧಾಂತದಲ್ಲಿ ಜಾಗವಿಲ್ಲ. ಅವನಂಥವರಲ್ಲಿ ಹೆಚ್ಚಿನವರು ಆ ತಂಡವನ್ನು ಆರಿಸಿಕೊಂಡವರೇ ಅಲ್ಲ. ತಂದೆಯಿಂದಲೋ ಹುಟ್ಟಿದ ಬೀದಿಯಿಂದಲೋ ಪಡೆದವರು. ತಂಡವನ್ನು ಕಣ್ತೆರೆದು ಆರಿಸಿಕೊಳ್ಳುವ ಅನುಕೂಲವಿರುವುದು ವಲಸೆ ಬಂದವರಿಗೆ ಮಾತ್ರ. ಪಶ್ಚಿಮ ಸಿಡ್ನಿಯ ವೆಂಟ್ವರ್ತ್‌ವಿಲ್, ವೆಸ್ಟ್‌ಮೀಡ್ ಕಡೆ ನೆಲೆಸಿದ ಭಾರತೀಯ ಕುಟುಂಬಗಳಿಗೆ, ಅವರಲ್ಲಿರುವ ಕನ್ನಡಿಗರಿಗೂ, ಕ್ರಿಕೆಟ್ಟಿನಾಚೆಗೆ ಒಂದು ತಂಡ ಬೇಕೆಂದಾದರೆ ಪೆನ್ರಿತ್‌ನಿಂದ ಪ್ಯಾರಮ್ಯಾಟಾವರೆಗೆ ಆಯ್ಕೆಗಳಿವೆ, ಬುದ್ಧಿವಂತರು ಅಂಕಪಟ್ಟಿ ನೋಡಿ ಆರಿಸಿಕೊಳ್ಳಬಹುದು. ಶಾಲೆಯ ಗೆಳೆಯನ ಪ್ರಭಾವದಿಂದ ಮಗ ಟೈಗರ್ಸ್ ಅಂಗಿ ಬೇಕೆಂದು ಹಟ ಹಿಡಿದರೆ ಆ ಬುದ್ಧಿವಂತಿಕೆಯೂ ಅಲ್ಲಿಗೆ ಮುಗಿಯಿತು.

2025ರಲ್ಲಿ ಪೆನ್ರಿತ್‌ನ ನಾಲ್ಕೂ ಪ್ರಶಸ್ತಿಗಳಲ್ಲಿ ಪಾಲುಗೊಂಡ ಜೆರೋಮ್ ಲುವಾಯ್ ವೆಸ್ಟ್ಸ್ ಟೈಗರ್ಸ್ ಸೇರಿದರು; ಬಿಟ್ಟುಹೋಗುವವರನ್ನೇ ಕಂಡಿದ್ದ ಅಭಿಮಾನಿಗೆ ಗೆದ್ದವನೊಬ್ಬ ತಾನಾಗಿ ಬಂದದ್ದನ್ನು ನಂಬಲು ಕೆಲವು ತಿಂಗಳೇ ಬೇಕಾದವು. ಮೊದಲ ಪಂದ್ಯವನ್ನು ತಂಡ ಕ್ಯಾಂಬೆಲ್‌ಟೌನಿನಲ್ಲಿ ನ್ಯೂಕಾಸಲ್ ವಿರುದ್ಧ 10-8ರಿಂದ ಸೋತಿತು, ಎರಡೇ ಅಂಕದ ಸೋಲು, ಮತ್ತು ಬಹುಕಾಲದ ಮೇಲೆ ಅಭಿಮಾನಿಗಳಲ್ಲಿ ಅಪ್ಪಟ ಸಿಟ್ಟು ಕಾಣಿಸಿಕೊಂಡಿತು. ಮರುವಾರ ಪ್ಯಾರಮ್ಯಾಟಾವನ್ನು 32-6ರಿಂದ ಸೋಲಿಸಿದಾಗ ಅದು ಇನ್ನೂ ಹೆಚ್ಚಿತು, ಇಷ್ಟು ಬರುವವರಿಗೆ ಹೋದ ವಾರ ಏನಾಗಿತ್ತೆಂಬ ನ್ಯಾಯವಾದ ಪ್ರಶ್ನೆ ಈಗ ಕೇಳಬಹುದಿತ್ತು. ವರ್ಷದ ನಡುವೆ ಲಾಕ್ಲನ್ ಗ್ಯಾಲ್ವಿನ್ ಎಂಬ ಎಳೆಯ ಪ್ರತಿಭೆ ತಂಡ ಬಿಟ್ಟು ಬುಲ್‌ಡಾಗ್ಸ್ ಸೇರಿದಾಗ ಎದ್ದ ಆಕ್ರೋಶಕ್ಕೆ ಹಿಂದಿನ ಟೆಡೆಸ್ಕೊ, ಮೋಸೆಸ್‌ರ ಬಾಕಿಯೂ ಬಡ್ಡಿಸಮೇತ ಸೇರಿಕೊಂಡಿತು. ತಂಡ ಹದಿನೇಳರಲ್ಲಿ ಹದಿಮೂರನೆಯ ಸ್ಥಾನಕ್ಕೆ ಬಂದು ನಿಂತಿತು. ಹಿಂದಿನ ಮೂರು ವರ್ಷಕ್ಕೆ ಹೋಲಿಸಿದರೆ ಇದು ಪ್ರಗತಿಯೆಂದು ಹೊರಗಿನವರು ಹೇಳಿದ್ದನ್ನು ಅಭಿಮಾನಿಗಳು ಕೇಳಿಸಿಕೊಳ್ಳಲಿಲ್ಲ. ರೆಫರಿಗಳು ಸರಿಯಿದ್ದಿದ್ದರೆ, ಆಡಳಿತದವರಿಗೆ ಬುದ್ಧಿಯಿದ್ದಿದ್ದರೆ, ಹೆಚ್ಚು ಪಂದ್ಯಗಳನ್ನು ಲೈಕಾರ್ಟಿನಲ್ಲೇ ಆಡಿಸಿದ್ದಿದ್ದರೆ ಎಷ್ಟು ಅಂಕ ಹೆಚ್ಚಾಗುತ್ತಿತ್ತೆಂದು ಒಂದು ಪಂಗಡದವರು ಕೂಡಿಸುತ್ತಿದ್ದಾಗ, ಲೈಕಾರ್ಟಿನ ಬದಲು ಕ್ಯಾಂಬೆಲ್‌ಟೌನಿನಲ್ಲಿ ಆಡಿಸಿದ್ದರೆ ಅದಕ್ಕಿಂತಲೂ ಎರಡು ಹೆಚ್ಚಾಗುತ್ತಿತ್ತೆಂದು ಇನ್ನೊಂದು ಪಂಗಡದವರು ವಾದ ಹೂಡಿದ್ದರು.